ಹೊರ್ಮುಝ್ ಆಕಾಶದಲ್ಲಿ ಏಳು ನಿಮಿಷ

1988ರ ಜುಲೈ 3, ರವಿವಾರ. ಇರಾನಿನ ದಕ್ಷಿಣ ಕರಾವಳಿಯ ಬಂದರ್ ಅಬ್ಬಾಸ್ ವಿಮಾನ ನಿಲ್ದಾಣದಿಂದ ಬೆಳಗ್ಗೆ 10 ಗಂಟೆ 17 ನಿಮಿಷಕ್ಕೆ ಇರಾನ್ ಏರ್ ಸಂಸ್ಥೆಯ 655ನೇ ಸಂಖ್ಯೆಯ ವಿಮಾನ ದುಬೈಗೆ ಹೊರಟಿತು. ಟೆಹರಾನ್‌ನಿಂದ ಬಂದು ಅಲ್ಲಿ ಇಳಿದು ಮತ್ತೆ ಹೊರಡುವ ವಿಮಾನವದು. ಆ ದಿನ 27 ನಿಮಿಷ ತಡವಾಗಿತ್ತು. ಹೊರ್ಮುಝ್ ಜಲಸಂಧಿಯನ್ನು ದಾಟಿ ಆಚೆ ದಡ ಸೇರಲು ಬೇಕಾಗಿದ್ದುದು ಬರೀ 28 ನಿಮಿಷ. ಒಳಗೆ 274 ಮಂದಿ ಪ್ರಯಾಣಿಕರು ಮತ್ತು 16 ಮಂದಿ ಸಿಬ್ಬಂದಿ. ಅವರಲ್ಲಿ 66 ಮಂದಿ ಮಕ್ಕಳು.

ವಿಮಾನ ನೆಲ ಬಿಟ್ಟು ಏಳು ನಿಮಿಷ ಕಳೆಯುವಷ್ಟರಲ್ಲಿ, ಅಂದರೆ 10 ಗಂಟೆ 24 ನಿಮಿಷಕ್ಕೆ, ಕೆಳಗಿನ ಸಮುದ್ರದಲ್ಲಿದ್ದ ಅಮೆರಿಕದ ಯುದ್ಧನೌಕೆ ವಿನ್ಸೆನ್ಸ್ ಎರಡು ಕ್ಷಿಪಣಿಗಳನ್ನು ಹಾರಿಸಿತು. 290 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ.

ಸತ್ತವರಲ್ಲಿ 254 ಮಂದಿ ಇರಾನಿಯರು. ಉಳಿದವರಲ್ಲಿ ಅರಬ್ ಸಂಯುಕ್ತ ಸಂಸ್ಥಾನದವರು, ಪಾಕಿಸ್ತಾನಿಗಳು, ಯುಗೊಸ್ಲಾವಿಯದವರು, ಒಬ್ಬ ಇಟಲಿಯವರು ಇದ್ದರು. ಹತ್ತು ಮಂದಿ ಭಾರತೀಯರೂ ಇದ್ದರು. ದೂರದ ಎರಡು ದೇಶಗಳ ಜಗಳದಲ್ಲಿ ನಡೆದ ಘಟನೆಯೆಂದು ನಾವು ಇದನ್ನು ಬದಿಗಿಡುವಂತಿಲ್ಲ. ಕೊಲ್ಲಿಯ ಆಕಾಶ ನಮ್ಮ ಕರಾವಳಿಯ ಸಾವಿರಾರು ಮನೆಗಳ ಅನ್ನದ ದಾರಿ. ಮಂಗಳೂರು, ಉಡುಪಿ, ಭಟ್ಕಳದ ಎಷ್ಟೋ ಮನೆಗಳಲ್ಲಿ ಮಗನ, ಅಳಿಯನ, ಗಂಡನ ಬರವು ಹೋಗುಗಳನ್ನು ಎಣಿಸುವುದೇ ವಿಮಾನದ ದಿನಗಳಿಂದ.

ಯುದ್ಧ ನಡೆಯುವ ಜಾಗದ ಮೇಲೆ ಪ್ರಯಾಣಿಕ ವಿಮಾನ ಹಾರುವುದರ ಅಪಾಯವನ್ನು ಕುರಿತು ಇಂದು ಮತ್ತೆ ಮತ್ತೆ ಕೇಳುತ್ತಿದ್ದೇವೆ. ಈ ಅಪಾಯ ಹೇಗೆ ಹುಟ್ಟುತ್ತದೆ, ಅನಾಹುತ ನಡೆದ ಮೇಲೆ ರಾಷ್ಟ್ರಗಳು ಹೇಗೆ ನಡೆದುಕೊಳ್ಳುತ್ತವೆ ಎಂಬುದಕ್ಕೆ ಆ ಏಳು ನಿಮಿಷಗಳಿಗಿಂತ ಸ್ಪಷ್ಟವಾದ ಉದಾಹರಣೆ ಇನ್ನೊಂದಿಲ್ಲ. ಆದ್ದರಿಂದ ಆ ಕಥೆಯನ್ನು ಮೊದಲಿನಿಂದಲೇ ನೋಡೋಣ.

ಭಯ ತುಂಬಿದ ಸಮುದ್ರ

1980ರ ಸೆಪ್ಟೆಂಬರ್‌ನಲ್ಲಿ ಸದ್ದಾಮ್ ಹುಸೇನರ ಇರಾಕ್ ಇರಾನಿನ ಮೇಲೆ ದಾಳಿ ನಡೆಸಿತು. ಎಂಟು ವರ್ಷ ನಡೆದ ಆ ಯುದ್ಧ 1984ರ ಹೊತ್ತಿಗೆ ನೆಲದಿಂದ ಕಡಲಿಗೂ ಇಳಿಯಿತು. ಎರಡೂ ಕಡೆಯವರು ತೈಲ ಸಾಗಿಸುವ ಹಡಗುಗಳ ಮೇಲೆ ದಾಳಿ ಮಾಡತೊಡಗಿದರು. 1987ರಲ್ಲಿ ಕುವೈತಿನ ತೈಲ ಹಡಗುಗಳಿಗೆ ತನ್ನ ಬಾವುಟ ಹಾಕಿಸಿ, ಅವುಗಳ ರಕ್ಷಣೆಯ ಹೆಸರಿನಲ್ಲಿ ಅಮೆರಿಕ ತನ್ನ ನೌಕಾಪಡೆಯನ್ನು ಕೊಲ್ಲಿಯಲ್ಲಿ ಹೆಚ್ಚಿಸಿತು.

ಅದೇ ವರ್ಷದ ಮೇ 17ರಂದು ಇರಾಕಿನ ಯುದ್ಧವಿಮಾನವೊಂದು ಅಮೆರಿಕದ ಸ್ಟಾರ್ಕ್ ಎಂಬ ನೌಕೆಗೆ ಕ್ಷಿಪಣಿ ಹೊಡೆದು 37 ನಾವಿಕರನ್ನು ಕೊಂದಿತು. ಹೊಡೆದದ್ದು ಅಂದು ಅಮೆರಿಕದ ಒಲವು ಯಾರ ಕಡೆಗಿತ್ತೋ ಅದೇ ಇರಾಕ್! ಇರಾಕ್ ಅದನ್ನು ತಪ್ಪಿನಿಂದ ಆದದ್ದು ಎಂದಿತು, ಅಮೆರಿಕ ಒಪ್ಪಿಕೊಂಡಿತು. ಆದರೆ ನೌಕೆಯನ್ನು ರಕ್ಷಿಸಿಕೊಳ್ಳದ ಕ್ಯಾಪ್ಟನ್ ಮೇಲೆ ಕ್ರಮ ಜರುಗಿತು. ಹೊಡೆತ ಬೀಳುವವರೆಗೆ ಕಾಯಬಾರದು, ಮೊದಲೇ ಹೊಡೆಯಬಹುದು ಎಂಬ ಪಾಠ ಉಳಿದ ಎಲ್ಲ ಕ್ಯಾಪ್ಟನ್‌ಗಳಿಗೆ ತಲುಪಿತು. 1988ರ ಏಪ್ರಿಲ್ 14ರಂದು ಇನ್ನೊಂದು ಅಮೆರಿಕನ್ ನೌಕೆ ಕಡಲಿನಲ್ಲಿ ಹುದುಗಿಸಿದ್ದ ಸಿಡಿಗುಂಡಿಗೆ ಸಿಕ್ಕಿತು. ನಾಲ್ಕು ದಿನಗಳ ಬಳಿಕ ಅಮೆರಿಕ ಇರಾನಿನ ತೈಲ ಅಟ್ಟಣೆಗಳನ್ನೂ ನೌಕೆಗಳನ್ನೂ ನಾಶಮಾಡಿತು. ಸಮುದ್ರದಲ್ಲಿ ಎಲ್ಲರ ಬೆರಳೂ ಗುಂಡಿಯ ಮೇಲೆಯೇ ಇತ್ತು.

ಇಂತಹ ಹೊತ್ತಿನಲ್ಲಿ ಕೊಲ್ಲಿಗೆ ಬಂದದ್ದು ವಿನ್ಸೆನ್ಸ್. ಸುಮಾರು ನೂರು ಕೋಟಿ ಡಾಲರ್ ವೆಚ್ಚದ ನೌಕೆ. ಏಜಿಸ್ ಎಂಬ, ಆ ಕಾಲಕ್ಕೆ ಜಗತ್ತಿನಲ್ಲೇ ಅತ್ಯಾಧುನಿಕವಾದ ಕಂಪ್ಯೂಟರ್ ಮತ್ತು ರಾಡಾರ್ ವ್ಯವಸ್ಥೆ ಅದರಲ್ಲಿತ್ತು. ಅದರ ಕ್ಯಾಪ್ಟನ್ ವಿಲಿಯಂ ರಾಜರ್ಸ್. ಹೋರಾಟಕ್ಕೆ ಮುನ್ನುಗ್ಗುವ ಅದರ ರೀತಿಯನ್ನು ನೋಡಿ ಬೇರೆ ಅಮೆರಿಕನ್ ನೌಕೆಗಳವರೇ ಅದಕ್ಕೆ 'ರೋಬೋ ಕ್ರೂಸರ್' ಎಂದು ಅಡ್ಡಹೆಸರಿಟ್ಟಿದ್ದರು.

ಕಂಪ್ಯೂಟರ್ ಹೇಳಿದ್ದೊಂದು, ಮನುಷ್ಯ ಕಂಡದ್ದೊಂದು

ಆ ಬೆಳಗ್ಗೆ ವಿನ್ಸೆನ್ಸ್‌ನ ಹೆಲಿಕಾಪ್ಟರ್ ಕಡೆಗೆ ಇರಾನಿನ ಸಣ್ಣ ಸಶಸ್ತ್ರ ದೋಣಿಗಳಿಂದ ಗುಂಡು ಹಾರಿತು. ವಿನ್ಸೆನ್ಸ್ ಆ ದೋಣಿಗಳ ಬೆನ್ನಟ್ಟಿತು. ಬೆನ್ನಟ್ಟುತ್ತಾ ಇರಾನಿನದೇ ಸಮುದ್ರ ಗಡಿಯೊಳಗೆ ಹೋಯಿತು. ಕೆಳಗೆ ಫಿರಂಗಿಗಳ ಕಾಳಗ ನಡೆಯುತ್ತಿರುವಾಗಲೇ ಬಂದರ್ ಅಬ್ಬಾಸ್‌ನಿಂದ ವಿಮಾನವೊಂದು ಮೇಲೇಳುವುದು ರಾಡಾರ್‌ನಲ್ಲಿ ಕಾಣಿಸಿತು.

ಬಂದರ್ ಅಬ್ಬಾಸ್ ನಾಗರಿಕ ವಿಮಾನಗಳೂ ವಾಯುಪಡೆಯೂ ಒಟ್ಟಿಗೆ ಬಳಸುತ್ತಿದ್ದ ನಿಲ್ದಾಣ. ಅಲ್ಲಿ ಎಫ್-14 ಯುದ್ಧವಿಮಾನಗಳಿದ್ದವು. ಅವು ಶಹಾನ ಕಾಲದಲ್ಲಿ ಅಮೆರಿಕವೇ ಇರಾನಿಗೆ ಮಾರಿದ ವಿಮಾನಗಳು. ತಾನು ಮಾರಿದ ಆಯುಧದ ಭಯವೇ ಅಂದು ಅಮೆರಿಕದ ನೌಕೆಯನ್ನು ಕಾಡುತ್ತಿತ್ತು.

ಪ್ರತಿ ವಿಮಾನದಲ್ಲೂ ತಾನು ಯಾರೆಂದು ತಾನಾಗಿಯೇ ಸಂಕೇತ ಕಳುಹಿಸುವ ಉಪಕರಣವಿರುತ್ತದೆ. 655ನೇ ವಿಮಾನ ನಾಗರಿಕ ಸಂಕೇತವನ್ನೇ ಕಳುಹಿಸುತ್ತಿತ್ತು. ಆದರೆ ನೌಕೆಯ ಕತ್ತಲೆ ಕೋಣೆಯಲ್ಲಿ ಕುಳಿತವರೊಬ್ಬರು ಸೇನಾ ವಿಮಾನದ ಸಂಕೇತ ಬಂದಿದೆ ಎಂದರು. ನಿಲ್ದಾಣದ ನೆಲದಲ್ಲಿ ನಿಂತಿದ್ದ ಬೇರೊಂದು ವಿಮಾನದ ಸಂಕೇತ ಇದರದ್ದೆಂದು ಎಣಿಸಿರಬೇಕೆಂದು ತನಿಖೆಗಾರರು ಆಮೇಲೆ ಊಹಿಸಿದರು. ನಾಗರಿಕ ವಿಮಾನಗಳ ವೇಳಾಪಟ್ಟಿಯನ್ನು ಒಬ್ಬರು ತೆಗೆದು ನೋಡಿದ್ದೂ ಉಂಟು. ಆದರೆ ಇರಾನಿನ ಗಡಿಯಾರಕ್ಕೂ ನೌಕೆಯ ಗಡಿಯಾರಕ್ಕೂ ಅರ್ಧ ಗಂಟೆಯ ವ್ಯತ್ಯಾಸ. ಸಾಲದ್ದಕ್ಕೆ ವಿಮಾನ ಬೇರೆ ತಡವಾಗಿತ್ತು. ಪಟ್ಟಿಯಲ್ಲಿದ್ದ ವಿಮಾನ ಅವರ ಕಣ್ಣಿಗೆ ಬೀಳಲಿಲ್ಲ.

ವಿಮಾನಕ್ಕೆ ಎಚ್ಚರಿಕೆ ಕೊಡಲಿಲ್ಲವೇ? ಕೊಟ್ಟರು. ಆದರೆ ಹೆಚ್ಚಿನ ಎಚ್ಚರಿಕೆಗಳು ಹೋದದ್ದು ಸೇನಾ ವಿಮಾನಗಳ ತುರ್ತು ತರಂಗದಲ್ಲಿ. ಪ್ರಯಾಣಿಕ ವಿಮಾನದಲ್ಲಿ ಅದನ್ನು ಕೇಳುವ ರೇಡಿಯೋವೇ ಇರಲಿಲ್ಲ. ನಾಗರಿಕ ತರಂಗದಲ್ಲಿ ಹೋದ ಕೆಲವು ಕರೆಗಳೂ ಯಾವುದೋ 'ಗುರುತಿಲ್ಲದ ವಿಮಾನ'ವನ್ನು ಉದ್ದೇಶಿಸಿದ್ದವು. ಅವರು ಹೇಳಿದ ವೇಗ ನೆಲದ ಮೇಲಿನ ಲೆಕ್ಕದ್ದು. ಪೈಲಟ್‌ನ ಎದುರಿನ ಮೀಟರ್ ತೋರಿಸುವ ವೇಗ ಬೇರೆ. ವಿಮಾನವನ್ನು ಮೇಲೇರಿಸುತ್ತಾ ನಿಯಂತ್ರಣ ಕೇಂದ್ರದೊಂದಿಗೆ ಮಾತಾಡುತ್ತಿದ್ದ ಪೈಲಟ್, ಆ ಕರೆ ತನಗೇ ಎಂದು ತಿಳಿಯುವುದಾದರೂ ಹೇಗೆ?

ವಿಮಾನ ತಮ್ಮತ್ತ ಇಳಿಯುತ್ತಿದೆ, ವೇಗ ಹೆಚ್ಚಿಸಿಕೊಳ್ಳುತ್ತಿದೆ ಎಂದು ಕೋಣೆಯಲ್ಲಿದ್ದವರು ಕೂಗಿದರು. ಆದರೆ ವಿಮಾನ ಇಳಿಯುತ್ತಿರಲಿಲ್ಲ! 12,000 ಅಡಿ ದಾಟಿ ಇನ್ನೂ ಮೇಲೇರುತ್ತಿತ್ತು. ನೌಕೆಯ ಕಂಪ್ಯೂಟರ್ ಇದನ್ನು ಸರಿಯಾಗಿಯೇ ದಾಖಲಿಸಿಕೊಂಡಿತ್ತು. ಹತ್ತಿರದಲ್ಲೇ ಇದ್ದ ಸೈಡ್ಸ್ ಎಂಬ ಇನ್ನೊಂದು ಅಮೆರಿಕನ್ ನೌಕೆಯ ಕಮಾಂಡರ್ ಡೇವಿಡ್ ಕಾರ್ಲ್‌ಸನ್ ಅದೇ ವಿಮಾನವನ್ನು ನೋಡಿ, ಅದರಿಂದ ಅಪಾಯವಿಲ್ಲವೆಂದು ತೀರ್ಮಾನಿಸಿದ್ದರು. ಒಂದೇ ಆಕಾಶ, ಒಂದೇ ವಿಮಾನ. ಶತ್ರುವನ್ನು ನಿರೀಕ್ಷಿಸುತ್ತಿದ್ದವರಿಗೆ ಶತ್ರುವೇ ಕಂಡ.

ಅಮೆರಿಕದ ನೌಕಾಪಡೆಯದೇ ತನಿಖೆ ಈ ಮಾತನ್ನು ತನ್ನ ಭಾಷೆಯಲ್ಲಿ ಒಪ್ಪಿಕೊಂಡಿದೆ. ಯಂತ್ರ ಕೆಟ್ಟಿರಲಿಲ್ಲ. ಒತ್ತಡದಲ್ಲಿದ್ದ ಸಿಬ್ಬಂದಿ, ತಾವು ಮೊದಲೇ ನಂಬಿದ್ದಕ್ಕೆ ಹೊಂದುವಂತೆ ಅಂಕಿಗಳನ್ನು ತಮಗರಿವಿಲ್ಲದೆಯೇ ತಿರುಚಿ ಓದಿದರು.

ಸುಳ್ಳು, ಪದಕ ಮತ್ತು ಪರಿಹಾರ

ಘಟನೆಯ ದಿನವೇ ಅಮೆರಿಕದ ಸೇನಾ ಮುಖ್ಯಸ್ಥರು ಜಗತ್ತಿಗೆ ಹೇಳಿದ್ದೇನು? ವಿಮಾನ ತನ್ನ ನಿಗದಿತ ಮಾರ್ಗದ ಹೊರಗಿತ್ತು, ಕೆಳಗಿಳಿಯುತ್ತಾ ನೌಕೆಯತ್ತ ನುಗ್ಗುತ್ತಿತ್ತು ಎಂದು. ವಿಮಾನ ನಿಗದಿತ ಮಾರ್ಗದೊಳಗೇ ಇತ್ತು, ಮೇಲೇರುತ್ತಿತ್ತು ಎಂಬುದು ಕೆಲವೇ ವಾರಗಳಲ್ಲಿ ತಿಳಿಯಿತು. ವಿನ್ಸೆನ್ಸ್ ಅಂತಾರಾಷ್ಟ್ರೀಯ ಸಮುದ್ರದಲ್ಲಿತ್ತು ಎಂಬ ಮಾತು ಮಾತ್ರ ನಾಲ್ಕು ವರ್ಷ ಬಾಳಿತು. ನೌಕೆ ಇರಾನಿನ ಗಡಿಯೊಳಗಿತ್ತೆಂಬುದನ್ನು ಅಂದಿನ ಸೇನಾ ಮುಖ್ಯಸ್ಥ ಅಡ್ಮಿರಲ್ ಕ್ರೋ ಒಪ್ಪಿಕೊಂಡದ್ದು 1992ರಲ್ಲಿ. ಅದೂ ಅಮೆರಿಕದ ಪತ್ರಕರ್ತರು ದಾಖಲೆಗಳನ್ನು ಅಗೆದು ತೆಗೆದ ಮೇಲೆ. ಆ ಪತ್ರಕರ್ತರ ಪ್ರಾಮಾಣಿಕತೆಯನ್ನು, ಸೇವೆಯಲ್ಲಿದ್ದಾಗಲೇ ತನ್ನ ನೌಕಾಪಡೆಯ ತಪ್ಪನ್ನು ಬರೆದು ಟೀಕಿಸಿದ ಕಾರ್ಲ್‌ಸನ್‌ರ ಧೈರ್ಯವನ್ನು ನಾವು ಇಲ್ಲಿ ನೆನೆಯಲೇಬೇಕು. ಒಂದು ಸರಕಾರದ ಸುಳ್ಳಿಗೆ ಆ ದೇಶದ ಜನರೆಲ್ಲರನ್ನೂ ಹೊಣೆ ಮಾಡುವುದು ಸರಿಯಲ್ಲ ಎಂಬುದಕ್ಕೆ ಅವರು ಸಾಕ್ಷಿ.

ಅಧ್ಯಕ್ಷ ರೇಗನ್ ವಿಷಾದ ವ್ಯಕ್ತಪಡಿಸಿದರು. ಆದರೆ ಉಪಾಧ್ಯಕ್ಷ ಜಾರ್ಜ್ ಬುಷ್ ಭದ್ರತಾ ಮಂಡಳಿಗೆ ಹೋಗಿ, ನೌಕೆ ಆತ್ಮರಕ್ಷಣೆ ಮಾಡಿಕೊಂಡಿತೆಂದೂ ಕಾಳಗದ ಜಾಗಕ್ಕೆ ಪ್ರಯಾಣಿಕ ವಿಮಾನವನ್ನು ಬಿಟ್ಟ ಇರಾನೇ ಹೊಣೆಯೆಂದೂ ವಾದಿಸಿದರು. ಕ್ಯಾಪ್ಟನ್ ರಾಜರ್ಸ್‌ಗೆ ಶಿಕ್ಷೆಯಾಗಲಿಲ್ಲ. ನೌಕೆಯ ನಾಯಕರಾಗಿ ಸಲ್ಲಿಸಿದ ಸೇವೆಗಾಗಿ 1990ರಲ್ಲಿ ಅವರಿಗೆ ಗೌರವ ಪದಕ ಸಿಕ್ಕಿತು. 290 ಜನರ ಸಾವಿನ ಪ್ರಸ್ತಾಪ ಆ ಗೌರವಪತ್ರದಲ್ಲಿ ಇರಲಿಲ್ಲ.

ಇರಾನ್ 1989ರಲ್ಲಿ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯದ ಮೆಟ್ಟಿಲೇರಿತು. 1996ರಲ್ಲಿ ಎರಡೂ ದೇಶಗಳು ರಾಜಿಯಾದವು. 248 ಮಂದಿ ಇರಾನಿಯರ ಕುಟುಂಬಗಳಿಗೆ 6 ಕೋಟಿ 18 ಲಕ್ಷ ಡಾಲರ್ ಕೊಡಲು ಅಮೆರಿಕ ಒಪ್ಪಿತು. ದುಡಿಯುತ್ತಿದ್ದವರಿಗೆ ತಲಾ 3 ಲಕ್ಷ ಡಾಲರ್, ದುಡಿಮೆ ಇಲ್ಲದವರಿಗೆ ಒಂದೂವರೆ ಲಕ್ಷ. ಮಕ್ಕಳು ಸೇರಿದ್ದು ಎರಡನೆಯ ಪಟ್ಟಿಗೆ. ಆದರೆ ತಾನು ಕಾನೂನಿನ ಪ್ರಕಾರ ಹೊಣೆಗಾರನೆಂದು ಅಮೆರಿಕ ಒಪ್ಪಲಿಲ್ಲ, ವಿಧಿವತ್ತಾಗಿ ಕ್ಷಮೆಯನ್ನೂ ಕೇಳಲಿಲ್ಲ.

ಈ ಸಾಲಿನಲ್ಲಿ ಅಮೆರಿಕ ಒಂದೇ ಇಲ್ಲ

ಇದನ್ನು ಅಮೆರಿಕದ ಒಂದು ದುಷ್ಟತನವೆಂದು ಮುಗಿಸಿದರೆ ನಮಗೆ ಸಮಾಧಾನವಾಗಬಹುದು. ಆದರೆ ಇತಿಹಾಸ ಅಷ್ಟು ಸರಳವಾಗಿಲ್ಲ.

1955ರ ಜುಲೈ 27ರಂದು ದಾರಿ ತಪ್ಪಿ ಬಲ್ಗೇರಿಯದ ಆಕಾಶ ಹೊಕ್ಕ ಇಸ್ರೇಲಿನ ಎಲ್ ಆಲ್ ವಿಮಾನವನ್ನು ಬಲ್ಗೇರಿಯದ ಯುದ್ಧವಿಮಾನಗಳು ಹೊಡೆದುರುಳಿಸಿದವು. 58 ಮಂದಿ ಸತ್ತರು. ಆ ನೋವನ್ನು ಕಂಡಿದ್ದ ಇಸ್ರೇಲ್ 1973ರ ಫೆಬ್ರವರಿ 21ರಂದು ಏನು ಮಾಡಿತು? ಬೆಂಗಾಝಿಯಿಂದ ಕೈರೋಗೆ ಹೊರಟಿದ್ದ ಲಿಬಿಯದ ವಿಮಾನ ಮರಳುಗಾಳಿಯಲ್ಲಿ ದಾರಿ ತಪ್ಪಿ, ಆಗ ಇಸ್ರೇಲಿನ ವಶದಲ್ಲಿದ್ದ ಸಿನಾಯ್ ಮೇಲೆ ಬಂದಾಗ, ಇಸ್ರೇಲಿನ ಫ್ಯಾಂಟಮ್ ವಿಮಾನಗಳು ಅದನ್ನು ಹೊಡೆದವು. 113 ಮಂದಿಯಲ್ಲಿ 108 ಮಂದಿ ಸತ್ತರು. ರಕ್ಷಣಾ ಸಚಿವ ಮೋಶೆ ದಯಾನ್ ಅದನ್ನು ನಿರ್ಧಾರದಲ್ಲಾದ ತಪ್ಪು ಎಂದರು.

1983ರ ಸೆಪ್ಟೆಂಬರ್ 1ರಂದು ದಾರಿ ತಪ್ಪಿದ ದಕ್ಷಿಣ ಕೊರಿಯದ ವಿಮಾನವನ್ನು ಸೋವಿಯತ್ ಒಕ್ಕೂಟ ಸಖಾಲಿನ್ ದ್ವೀಪದ ಬಳಿ ಹೊಡೆದುರುಳಿಸಿ 269 ಮಂದಿಯನ್ನು ಕೊಂದಿತು. ಮೊದಲು ಗೊತ್ತೇ ಇಲ್ಲವೆಂದಿತು, ಆಮೇಲೆ ಅದು ಗೂಢಚಾರ ವಿಮಾನವೆಂದಿತು. ಕಡಲಿನಿಂದ ಎತ್ತಿದ್ದ ಅದರ ಬ್ಲ್ಯಾಕ್ ಬಾಕ್ಸ್‌ಗಳನ್ನು ವರ್ಷಗಟ್ಟಲೆ ಬಚ್ಚಿಟ್ಟಿತು. ಅವು ಬೆಳಕಿಗೆ ಬಂದದ್ದು ಒಕ್ಕೂಟವೇ ಕುಸಿದ ಮೇಲೆ. ಅಂದು ಅದನ್ನು ಹತ್ಯಾಕಾಂಡವೆಂದು ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದ್ದು ರೇಗನ್ ಸರಕಾರ. ಐದು ವರ್ಷಗಳೊಳಗೆ ಅದೇ ಸರಕಾರ ತನ್ನ ನೌಕೆಯ ಕೃತ್ಯಕ್ಕೆ ಆತ್ಮರಕ್ಷಣೆಯೆಂದು ಹೆಸರಿಟ್ಟಿತು!

ಕೊರಿಯ ವಿಮಾನದ ದುರಂತದ ಬಳಿಕ, 1984ರ ಮೇ ತಿಂಗಳಲ್ಲಿ, ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಸದಸ್ಯ ರಾಷ್ಟ್ರಗಳು ಹಾರುತ್ತಿರುವ ನಾಗರಿಕ ವಿಮಾನದ ಮೇಲೆ ಆಯುಧ ಬಳಸಬಾರದೆಂಬ ವಿಧಿಯನ್ನು ಷಿಕಾಗೋ ಒಪ್ಪಂದಕ್ಕೆ ಸೇರಿಸಿದವು. ಸಾಕಷ್ಟು ರಾಷ್ಟ್ರಗಳು ಅಂಗೀಕರಿಸಿ ಆ ವಿಧಿ ಜಾರಿಗೆ ಬಂದದ್ದು 1998ರ ಅಕ್ಟೋಬರ್‌ನಲ್ಲಿ. ಒಂದು ಸಾಲಿನ ನ್ಯಾಯಕ್ಕೆ 14 ವರ್ಷ ಬೇಕಾಯಿತು. 655ನೇ ವಿಮಾನ ಬಿದ್ದದ್ದು ಆ ನಡುವೆ.

ಆಕಾಶವನ್ನು ಮುಚ್ಚುವವರು ಯಾರು?

ಹೊಡೆದವನ ತಪ್ಪು ಎಲ್ಲಕ್ಕಿಂತ ದೊಡ್ಡದು. ಅದರಲ್ಲಿ ಎರಡು ಮಾತಿಲ್ಲ. ಆದರೂ ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಕೆಳಗೆ ಕಾಳಗ ನಡೆಯುತ್ತಿರುವಾಗ ಮೇಲೆ ಪ್ರಯಾಣಿಕರನ್ನು ಕೊಂಡೊಯ್ಯಲು ಬಿಟ್ಟವರು ಯಾರು? ಬುಷ್‌ರ ಬಾಯಲ್ಲಿ ಈ ಪ್ರಶ್ನೆ ನುಣುಚಿಕೊಳ್ಳುವ ಉಪಾಯವಾಗಿತ್ತು. ಆದರೆ ಪ್ರಶ್ನೆ ಸುಳ್ಳಲ್ಲ. ಆ ದಿನ ಇರಾನಿನ ದೋಣಿಗಳು ಕಾದಾಡುತ್ತಿರುವಾಗಲೇ ಇರಾನಿನದೇ ನಿಲ್ದಾಣದಿಂದ ವಿಮಾನ ಮೇಲೆದ್ದಿತು. ಅಮೆರಿಕದ ನೌಕೆಗಳಿಗೂ ನಾಗರಿಕ ವಿಮಾನ ನಿಯಂತ್ರಣ ಕೇಂದ್ರಗಳಿಗೂ ಪರಸ್ಪರ ಮಾತುಕತೆಯ ವ್ಯವಸ್ಥೆಯೇ ಇರಲಿಲ್ಲವೆಂದು ಅಂತಾರಾಷ್ಟ್ರೀಯ ತನಿಖೆ ಹೇಳಿತು.

1944ರ ಷಿಕಾಗೋ ಒಪ್ಪಂದದಂತೆ ಪ್ರತಿ ದೇಶಕ್ಕೂ ತನ್ನ ಆಕಾಶದ ಮೇಲೆ ಪೂರ್ಣ ಅಧಿಕಾರವಿದೆ. ತೆರೆಯುವುದೂ ಮುಚ್ಚುವುದೂ ಅದರ ಕೈಯಲ್ಲೇ. ಆದರೆ ಆಕಾಶ ಮುಚ್ಚುವುದೆಂದರೆ ಹಾದುಹೋಗುವ ವಿಮಾನಗಳು ಕಟ್ಟುವ ಶುಲ್ಕ ಕಳೆದುಕೊಳ್ಳುವುದು. ನೆಲ ನಮ್ಮ ಹಿಡಿತದಲ್ಲಿಲ್ಲವೆಂದು ಲೋಕಕ್ಕೆ ಒಪ್ಪಿಕೊಂಡಂತೆಯೂ ಆಗುತ್ತದೆ. ವಿಮಾನ ಸಂಸ್ಥೆಗಳಿಗೋ, ಸುತ್ತು ದಾರಿ ಎಂದರೆ ಹೆಚ್ಚು ಇಂಧನ, ಹೆಚ್ಚು ಹೊತ್ತು. ಹೀಗಾಗಿ ದೇಶ ಮುಚ್ಚುವುದಿಲ್ಲ, ದೇಶ ಮುಚ್ಚಿಲ್ಲವಲ್ಲ ಎಂದು ಸಂಸ್ಥೆ ಹಾರುತ್ತದೆ, ಸಂಸ್ಥೆ ಹಾರುತ್ತಿದೆಯಲ್ಲ ಎಂದು ಪ್ರಯಾಣಿಕ ಟಿಕೆಟ್ ಕೊಳ್ಳುತ್ತಾನೆ.

2014ರ ಜುಲೈ 17ರಂದು ಇದೇ ನಡೆಯಿತು. ಆಮ್‌ಸ್ಟರ್‌ಡ್ಯಾಮ್‌ನಿಂದ ಕೌಲಾಲಂಪುರಕ್ಕೆ ಹೊರಟಿದ್ದ ಮಲೇಶ್ಯದ ಎಂಎಚ್-17 ವಿಮಾನ ಪೂರ್ವ ಉಕ್ರೇನಿನ ಮೇಲೆ 33,000 ಅಡಿ ಎತ್ತರದಲ್ಲಿ ಬುಕ್ ಎಂಬ ಕ್ಷಿಪಣಿಗೆ ಸಿಕ್ಕಿ 298 ಮಂದಿ ಸತ್ತರು. ಅಲ್ಲಿ ಸೇನಾ ವಿಮಾನಗಳು ಉರುಳುತ್ತಿದ್ದುದು ಎಲ್ಲರಿಗೂ ತಿಳಿದಿತ್ತು. ಮೂರು ದಿನಗಳ ಹಿಂದಷ್ಟೇ ಉಕ್ರೇನ್ 32,000 ಅಡಿಯವರೆಗಿನ ಆಕಾಶವನ್ನು ಮುಚ್ಚಿತ್ತು. ಅದಕ್ಕಿಂತ ಮೇಲಿನದು ತೆರೆದೇ ಇತ್ತು. ಒಂದು ಸಾವಿರ ಅಡಿಯ ಅಂತರ! ಆ ದಿನ ಆ ಪ್ರದೇಶದ ಮೇಲೆ 160 ವಿಮಾನಗಳು ಹಾರಿದ್ದವು. ಆಕಾಶವನ್ನು ಪೂರ್ತಿ ಮುಚ್ಚಲು ಉಕ್ರೇನಿಗೆ ಸಾಕಷ್ಟು ಕಾರಣವಿತ್ತೆಂದು ಡಚ್ ತನಿಖಾ ಮಂಡಳಿ 2015ರಲ್ಲಿ ಹೇಳಿತು. ಕ್ಷಿಪಣಿಯ ಹೊಣೆಯನ್ನಂತೂ ರಶ್ಯ ಇಂದಿಗೂ ಒಪ್ಪಿಲ್ಲ. ಡಚ್ ನ್ಯಾಯಾಲಯ 2022ರಲ್ಲಿ ಮೂವರನ್ನು ಅವರ ಗೈರುಹಾಜರಿಯಲ್ಲೇ ಅಪರಾಧಿಗಳೆಂದು ಘೋಷಿಸಿತು. 2025ರ ಮೇ ತಿಂಗಳಲ್ಲಿ ನಾಗರಿಕ ವಿಮಾನಯಾನ ಸಂಸ್ಥೆಯ ಮಂಡಳಿಯೂ ರಶ್ಯ ತನ್ನ ಕರ್ತವ್ಯ ಮೀರಿತೆಂದು ತೀರ್ಪಿತ್ತಿತು.

ಟೆಹರಾನ್, 2020

ಈಗ ನಮಗೆ ಕಷ್ಟವಾದ ಭಾಗಕ್ಕೆ ಬರೋಣ.

2020ರ ಜನವರಿ 3ರಂದು ಅಮೆರಿಕ ಬಗ್ದಾದ್ ವಿಮಾನ ನಿಲ್ದಾಣದ ಬಳಿ ಇರಾನಿನ ಜನರಲ್ ಖಾಸಿಮ್ ಸುಲೈಮಾನಿಯನ್ನು ಡ್ರೋನ್ ದಾಳಿಯಲ್ಲಿ ಕೊಂದಿತು. ಜನವರಿ 8ರ ನಸುಕಿನಲ್ಲಿ ಇರಾನ್ ಇರಾಕಿನಲ್ಲಿದ್ದ ಅಮೆರಿಕದ ನೆಲೆಗಳಿಗೆ ಕ್ಷಿಪಣಿಗಳನ್ನು ಹಾರಿಸಿತು. ಪ್ರತಿದಾಳಿಯ ನಿರೀಕ್ಷೆಯಲ್ಲಿ ಇರಾನಿನ ಕ್ಷಿಪಣಿ ಪಡೆಗಳು ಉಸಿರು ಬಿಗಿಹಿಡಿದು ಕಾಯುತ್ತಿದ್ದವು. ಆದರೆ ಟೆಹರಾನಿನ ನಾಗರಿಕ ವಿಮಾನ ನಿಲ್ದಾಣ ತೆರೆದೇ ಇತ್ತು. ಬೆಳಗ್ಗೆ 6 ಗಂಟೆ 12 ನಿಮಿಷಕ್ಕೆ ಉಕ್ರೇನಿನ ವಿಮಾನವೊಂದು ಕೀವ್‌ಗೆ ಹೊರಟಿತು. ಅದೂ ಆ ದಿನ ತಡವಾಗಿತ್ತು. ಕೆಲವೇ ನಿಮಿಷಗಳಲ್ಲಿ ಇರಾನಿನ ಕ್ರಾಂತಿಕಾರಿ ರಕ್ಷಣಾ ಪಡೆಯ ಎರಡು ಕ್ಷಿಪಣಿಗಳು ಅದನ್ನು ಬಡಿದವು. 176 ಮಂದಿ ಸತ್ತರು. ಹೆಚ್ಚಿನವರು ಇರಾನಿಯರೇ. ಕೆನಡಾಕ್ಕೆ ಮರಳುತ್ತಿದ್ದ ವಿದ್ಯಾರ್ಥಿಗಳು, ಅಧ್ಯಾಪಕರು, ವೈದ್ಯರು, ಅವರ ಮಕ್ಕಳು.

ಮೂರು ದಿನ ಇರಾನ್ ಅದನ್ನು ತಾಂತ್ರಿಕ ದೋಷವೆಂದಿತು. ಕ್ಷಿಪಣಿಯ ಮಾತು ಶತ್ರುಗಳ ಅಪಪ್ರಚಾರವೆಂದಿತು. ಜನವರಿ 11ರಂದು, ಅಲ್ಲಗಳೆಯಲು ದಾರಿಯಿಲ್ಲದಾದಾಗ, ಮಾನವ ದೋಷವೆಂದು ಒಪ್ಪಿಕೊಂಡಿತು. ಒಪ್ಪಿಕೊಳ್ಳುವಾಗಲೂ, ವಿಮಾನ ಸೂಕ್ಷ್ಮ ಸೇನಾ ನೆಲೆಯತ್ತ ತಿರುಗಿತ್ತು ಎಂದಿತು. ವಿಮಾನ ದಾರಿ ಬಿಟ್ಟಿರಲಿಲ್ಲವೆಂದು ಇರಾನಿನದೇ ವಿಮಾನಯಾನ ಇಲಾಖೆ ಆಮೇಲೆ ಹೇಳಿತು. ನಿಗದಿತ ಮಾರ್ಗದಲ್ಲಿರಲಿಲ್ಲ, ನಮ್ಮತ್ತ ಬರುತ್ತಿತ್ತು ಎಂಬ ಈ ಮಾತನ್ನು ನಾವು ಎಲ್ಲಿ ಕೇಳಿದ್ದೆವು? 1988ರ ಜುಲೈ 3ರಂದು, ವಾಷಿಂಗ್ಟನ್‌ನಲ್ಲಿ.

ಟೆಹರಾನಿನ ವಿದ್ಯಾರ್ಥಿಗಳು ತಮ್ಮ ಸರಕಾರದ ಸುಳ್ಳಿನ ವಿರುದ್ಧ ಬೀದಿಗಿಳಿದರು. ಇರಾನ್ ತಲಾ ಒಂದೂವರೆ ಲಕ್ಷ ಡಾಲರ್ ಪರಿಹಾರ ಘೋಷಿಸಿತು. 2023ರಲ್ಲಿ ಅಲ್ಲಿನ ಸೇನಾ ನ್ಯಾಯಾಲಯ ಹತ್ತು ಮಂದಿಗೆ ಶಿಕ್ಷೆ ವಿಧಿಸಿತು. ಇವರೆಲ್ಲ ಕೆಳಗಿನವರು, ಆಕಾಶವನ್ನು ತೆರೆದಿಟ್ಟವರು ಎಲ್ಲಿ ಎಂದು ಸತ್ತವರ ಕುಟುಂಬಗಳು ಕೇಳುತ್ತಲೇ ಇವೆ. ಅದೇ ವರ್ಷ ಕೆನಡಾ, ಸ್ವೀಡನ್, ಉಕ್ರೇನ್ ಮತ್ತು ಬ್ರಿಟನ್ ಇರಾನಿನ ವಿರುದ್ಧ ಹೇಗ್‌ಗೆ ಹೋದವು. 1989ರಲ್ಲಿ ಇರಾನ್ ಫಿರ್ಯಾದಿಯಾಗಿ ಹೋಗಿದ್ದ ಅದೇ ನ್ಯಾಯಾಲಯಕ್ಕೆ.

ನಮ್ಮ ಅಳತೆಗೋಲು

ಇಲ್ಲಿ ನಾವು ನಮ್ಮನ್ನೇ ಕೇಳಿಕೊಳ್ಳಬೇಕು. 655ನೇ ವಿಮಾನದ ಬಗ್ಗೆ ನಮ್ಮ ವೇದಿಕೆಗಳಲ್ಲಿ, ನಮ್ಮ ಬರಹಗಳಲ್ಲಿ ಎಷ್ಟೋ ಸಲ ಹೇಳಿದ್ದೇವೆ. ಅಮೆರಿಕದ ಇಬ್ಬಗೆ ನೀತಿಗೆ ಉದಾಹರಣೆ ಬೇಕಾದಾಗಲೆಲ್ಲ ಅದು ನಮಗೆ ಒದಗಿದೆ. ಆದರೆ ಟೆಹರಾನಿನ 176 ಮಂದಿಗಾಗಿ ನಾವು ಎಷ್ಟು ಬರೆದೆವು? ಸುಲೈಮಾನಿ ಹತ್ಯೆಯ ಬಗ್ಗೆ ಪುಟ ತುಂಬಿಸಿದ ನಾವು ಆ ವಿಮಾನವನ್ನು ಒಂದು ಪ್ಯಾರಾದಲ್ಲಿ ದಾಟಿಬಿಡಲಿಲ್ಲವೇ? ಯುದ್ಧದ ಹೊತ್ತಿನಲ್ಲಿ ಹೀಗಾಗುತ್ತದೆ ಎಂದು ನಾವೇ ಇರಾನಿನ ಪರವಾಗಿ ನೆಪ ಹುಡುಕಲಿಲ್ಲವೇ? 1988ರಲ್ಲಿ ಅಮೆರಿಕನ್ನರು ಹೇಳಿದ್ದೂ ಅದೇ ನೆಪವಲ್ಲವೇ?

ನ್ಯಾಯದ ಸಾಕ್ಷ್ಯ ನಮ್ಮ ವಿರುದ್ಧ, ನಮ್ಮ ಹೆತ್ತವರ, ಬಂಧುಗಳ ವಿರುದ್ಧವಾದರೂ ಸರಿ, ಅದನ್ನು ನುಡಿಯಬೇಕೆಂಬುದು ಕುರ್‌ಆನ್ ನಮ್ಮ ಮೇಲೆ ಹೊರಿಸಿದ ಹೊಣೆ. ಅಮೆರಿಕಕ್ಕೊಂದು, ಇರಾನಿಗೊಂದು ಅಳತೆಗೋಲು ಹಿಡಿದವನ ಸಾಕ್ಷ್ಯಕ್ಕೆ ಬೆಲೆಯಿಲ್ಲ. ಅವನು 655ರ ಪರವಾಗಿ ನುಡಿದ ಸಾಕ್ಷ್ಯವೂ ಬೆಲೆ ಕಳೆದುಕೊಳ್ಳುತ್ತದೆ.

ಇನ್ನೂ ಒಂದು ಮಾತು. ಕೊಲ್ಲುವ ಉದ್ದೇಶವಿಲ್ಲದೆ ತಪ್ಪಿನಿಂದ ಒಬ್ಬರ ಪ್ರಾಣ ಹೋದರೆ ಏನು ಮಾಡಬೇಕೆಂಬುದಕ್ಕೆ ಇಸ್ಲಾಮೀ ಕಾನೂನಿನಲ್ಲಿ ಎರಡು ವಿಷಯಗಳಿವೆ. ಒಂದು ದಿಯತ್, ಅಂದರೆ ಸತ್ತವರ ವಾರೀಸುದಾರರಿಗೆ ಕೊಡಬೇಕಾದ ಪರಿಹಾರ. ಇನ್ನೊಂದು ಕಫ್ಫಾರ, ಅಂದರೆ ಕೊಂದವನು ಅಲ್ಲಾಹನ ಮುಂದೆ ಸಲ್ಲಿಸಬೇಕಾದ ಪ್ರಾಯಶ್ಚಿತ್ತ. ಹಿಂದೆ ಗುಲಾಮನೊಬ್ಬನನ್ನು ಬಿಡುಗಡೆ ಮಾಡುವುದು, ಅದು ಸಾಧ್ಯವಿಲ್ಲದವನು ಎರಡು ತಿಂಗಳು ಎಡೆಬಿಡದೆ ಉಪವಾಸ ಆಚರಿಸುವುದು. ಹಣ ಕೊಟ್ಟ ಮಾತ್ರಕ್ಕೆ ಮುಗಿಯುವುದಿಲ್ಲ, ನನ್ನ ಕೈಯಿಂದ ಒಂದು ಜೀವ ಹೋಯಿತೆಂಬ ಅರಿವು ಕೊಂದವನ ದೇಹವನ್ನೂ ದಿನಗಳನ್ನೂ ತಟ್ಟಬೇಕೆಂಬುದು ಇದರ ಒಳಮರ್ಮ. ಅಮೆರಿಕ 1996ರಲ್ಲಿ ಕೊಟ್ಟದ್ದು ದಿಯತ್ ಮಾತ್ರ, ಕಫ್ಫಾರ ಅಲ್ಲ. ಹಾಗೆಂದು ಅಮೆರಿಕಕ್ಕೆ ಇದನ್ನು ಹೇಳುವ ನಾವು, ಇಸ್ಲಾಮಿನ ಹೆಸರು ಹೇಳಿ ಆಳುವವರಿಗೆ ಇದನ್ನೇ ಇನ್ನಷ್ಟು ಗಟ್ಟಿಯಾಗಿ ಹೇಳಬೇಡವೇ?

ಮುಚ್ಚಿದ ಆಕಾಶದ ಬೆಲೆ

ಈ ಅಪಾಯ ಹಳೆಯ ಕಥೆಯಾಗಿಲ್ಲ. 2024ರ ಡಿಸೆಂಬರ್ 25ರಂದು ಬಾಕುವಿನಿಂದ ಗ್ರೋಝ್ನಿಗೆ ಹೊರಟಿದ್ದ ಅಝರ್‌ಬೈಜಾನಿನ ವಿಮಾನ ರಶ್ಯದ ವಾಯುರಕ್ಷಣಾ ಪಡೆಯ ಹೊಡೆತಕ್ಕೆ ಸಿಕ್ಕಿ, ಕ್ಯಾಸ್ಪಿಯನ್ ಸಮುದ್ರ ದಾಟಿ ಕಝಕಿಸ್ತಾನದ ಅಕ್ತೌ ಬಳಿ ಬಿದ್ದಿತು. 67 ಮಂದಿಯಲ್ಲಿ 38 ಮಂದಿ ಸತ್ತರು. ಕ್ಷಿಪಣಿಗಳಷ್ಟೇ ಅಲ್ಲ, ಯುದ್ಧದ ಪ್ರದೇಶಗಳಲ್ಲಿ ಉಪಗ್ರಹದ ದಾರಿಸೂಚಕ ಸಂಕೇತಗಳನ್ನೂ ನಕಲು ಮಾಡುತ್ತಿದ್ದಾರೆ. 2023ರ ಸೆಪ್ಟೆಂಬರ್‌ನಿಂದೀಚೆಗೆ ಇರಾನ್ ಮತ್ತು ಇರಾಕ್ ಆಸುಪಾಸಿನಲ್ಲಿ ಹಾರುವ ಪ್ರಯಾಣಿಕ ವಿಮಾನಗಳಿಗೆ ತಾವು ಎಲ್ಲಿದ್ದೇವೆಂಬುದೇ ತಪ್ಪಾಗಿ ತೋರುವ ಪ್ರಸಂಗಗಳು ನಡೆದವು. 1973ರಲ್ಲಿ ದಾರಿ ತಪ್ಪಿಸಿದ್ದು ಮರಳುಗಾಳಿ. ಈಗ ಮನುಷ್ಯನೇ ಬೇಕೆಂದು ದಾರಿ ತಪ್ಪಿಸುತ್ತಿದ್ದಾನೆ.

ಆದರೆ ಅನಾಹುತ ತಪ್ಪಿಸಬಹುದೆಂಬುದಕ್ಕೂ ಉದಾಹರಣೆಯಿದೆ. 2025ರ ಮೇ ತಿಂಗಳಲ್ಲಿ ಪಾಕಿಸ್ತಾನದೊಂದಿಗಿನ ಸಂಘರ್ಷದ ದಿನಗಳಲ್ಲಿ ನಮ್ಮ ದೇಶ ಉತ್ತರ ಮತ್ತು ಪಶ್ಚಿಮ ಭಾಗದ 32 ವಿಮಾನ ನಿಲ್ದಾಣಗಳನ್ನು ನಾಗರಿಕ ಹಾರಾಟಕ್ಕೆ ಮುಚ್ಚಿತು. ಅದೇ ವರ್ಷದ ಜೂನ್ 23ರ ಸಂಜೆ ಇರಾನ್ ಕತರ್‌ನಲ್ಲಿರುವ ಅಮೆರಿಕದ ನೆಲೆಯ ಮೇಲೆ ಕ್ಷಿಪಣಿ ಹಾರಿಸುವ ಮೊದಲೇ ಕತರ್ ತನ್ನ ಆಕಾಶವನ್ನು ಮುಚ್ಚಿತು. ನೆರೆಯ ದೇಶಗಳೂ ಕೆಲ ಹೊತ್ತು ಮುಚ್ಚಿದವು. ಭಾರತದಿಂದ ಹೊರಟಿದ್ದ ವಿಮಾನಗಳು ಅರ್ಧ ದಾರಿಯಿಂದ ಹಿಂದಿರುಗಿದವು. ಜನ ನಿಲ್ದಾಣದ ನೆಲದ ಮೇಲೆ ಚೀಲ ತಲೆದಿಂಬು ಮಾಡಿಕೊಂಡು ಮಲಗಿದರು. ರಜೆ ಮುಗಿದವರಿಗೆ ಕೆಲಸದ ಚಿಂತೆ, ವೀಸಾ ಮುಗಿಯುವವರಿಗೆ ವೀಸಾದ ಚಿಂತೆ. ಎಲ್ಲರ ಬಾಯಲ್ಲೂ ಶಾಪ. ಆದರೆ ಆ ರಾತ್ರಿ ಯಾವ ಪ್ರಯಾಣಿಕ ವಿಮಾನವೂ ಬೀಳಲಿಲ್ಲ. ಮುಚ್ಚಿದ ಆಕಾಶದ ಬೆಲೆ ಒಂದು ರಾತ್ರಿಯ ನಿದ್ದೆ. ತೆರೆದಿಟ್ಟ ಆಕಾಶದ ಬೆಲೆ ಏನೆಂದು ಬಂದರ್ ಅಬ್ಬಾಸಿನವರನ್ನು ಕೇಳಬೇಕು.

2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಮಂಗಳೂರಿನಲ್ಲಿ ಕಣಿವೆಗೆ ಬಿದ್ದು 158 ಮಂದಿ ಸತ್ತಾಗ, ವಿಮಾನಕ್ಕಾಗಿ ಕಾಯುತ್ತಾ ನಿಲ್ದಾಣದಲ್ಲಿ ನಿಂತವರ ಮುಖಗಳನ್ನು ಕರಾವಳಿಯ ನಾವು ನೋಡಿದ್ದೇವೆ. ಅದು ಅಪಘಾತ, ಯಾರೂ ಗುರಿಯಿಟ್ಟು ಹೊಡೆದದ್ದಲ್ಲ. ಆದರೆ ದುಬೈ ನಿಲ್ದಾಣದಲ್ಲಿ 1988ರಲ್ಲಿ, ಕೀವ್‌ನಲ್ಲಿ 2020ರಲ್ಲಿ ಕಾಯುತ್ತಾ ನಿಂತವರ ಮುಖವೂ ಅಂಥದ್ದೇ ಆಗಿತ್ತೆಂದು ತಿಳಿಯಲು ನಮಗೆ ಬೇರೆ ಪುರಾವೆ ಬೇಕಿಲ್ಲ. ಆದ್ದರಿಂದ ಯುದ್ಧದ ಸುದ್ದಿ ಬಂದಾಗ ವಿಮಾನವೇಕೆ ರದ್ದಾಯಿತೆಂದು ಜಗಳವಾಡುವುದಕ್ಕಿಂತ, ರದ್ದಾಗದ ವಿಮಾನ ಯಾವ ದಾರಿಯಲ್ಲಿ ಹೋಗುತ್ತದೆ ಎಂದು ಕೇಳುವುದನ್ನು ನಾವು ರೂಢಿಸಿಕೊಳ್ಳಬೇಕು. ಸಂಸ್ಥೆಗಳೂ ಸರಕಾರಗಳೂ ಅದಕ್ಕೆ ಉತ್ತರ ಕೊಡಬೇಕು.

ಜುಲೈ 3ರಂದು ಬಂದರ್ ಅಬ್ಬಾಸಿನಲ್ಲಿ ಸತ್ತವರ ಬಂಧುಗಳು ದೋಣಿಯಲ್ಲಿ ಕಡಲಿಗೆ ಹೋಗಿ, ವಿಮಾನ ಬಿದ್ದ ಜಾಗದಲ್ಲಿ ನೀರಿಗೆ ಹೂ ಹಾಕುವ ವಾಡಿಕೆಯಿದೆ. ಟೆಹರಾನಿನ 176 ಮಂದಿಯ ಬಂಧುಗಳಿಗೆ ಜನವರಿ 8 ಅಂಥದ್ದೇ ದಿನ. ಒಂದು ದಿನವನ್ನು ನೆನೆದು ಇನ್ನೊಂದನ್ನು ಮರೆಯುವ ಹಕ್ಕು ನಮಗಿಲ್ಲ.